ಬೆರಳು ಓಡಿಸಿದ ಮರಿತಾಯಮ್ಮ

ಹೊಂಗೆಹುಂಡಿಯ ಮರಿತಾಯಮ್ಮನಿಗೆ ಓದು ಎರಡು ಸಲ ಬಂತು. ಮೊದಲ ಸಲ ಬಂದಾಗ ತಾಲ್ಲೂಕಿನಿಂದ ಜೀಪು ಬಂತು, ಸರ್ಟಿಫಿಕೇಟು ಬಂತು, ಕೊರಳಿಗೆ ಸೇವಂತಿಗೆ ಹಾರವೂ ಬಂತು. ಎರಡನೇ ಸಲ ಬಂದಾಗ ಯಾರೂ ಬರಲಿಲ್ಲ. ನಿಜವಾಗಿ ಓದು ಬಂದದ್ದು ಎರಡನೇ ಸಲ. ಅದು ಯಾವ ಕಡತದಲ್ಲೂ ಇಲ್ಲ, ಇರಲಿಕ್ಕೂ ಸಾಧ್ಯವಿಲ್ಲ, ಯಾಕೆಂದರೆ ಒಬ್ಬಳೇ ಹೆಂಗಸನ್ನು ಎರಡೆರಡು ಸಲ ಸಾಕ್ಷರಳನ್ನಾಗಿ ಮಾಡಿದ್ದನ್ನು ಬರೆದುಕೊಳ್ಳುವುದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ.

ಅವಳು ಹುಟ್ಟಿದ್ದು ನರಸೀಪುರದ ಪಕ್ಕದ ಸೋಸಲೆಯಲ್ಲಿ. ಅಪ್ಪ ಬೋರಯ್ಯ ತಮಟೆ ಬಡಿಯುವವನು. ನರಸೀಪುರಕ್ಕೆ ಟೆಂಟ್ ಸಿನಿಮಾ ಬಂದಾಗಲೆಲ್ಲ ಪೋಸ್ಟರು ಕಟ್ಟಿದ ಎತ್ತಿನಗಾಡಿಯ ಮುಂದೆ ತಮಟೆ ಬಡಿಯುತ್ತ ಸುತ್ತಲ ಊರು ತಿರುಗುವುದು ಅವನ ಕೆಲಸ. ಅದಕ್ಕೆ ಕೂಲಿಯ ಜೊತೆಗೆ ಮನೆಯವರಿಗೆ ಟೆಂಟಿನೊಳಗೆ ನೆಲದ ಮೇಲೆ ಪುಕ್ಕಟೆ ಜಾಗ ಸಿಗುತ್ತಿತ್ತು. ಮರಿತಾಯಿ ಇಸ್ಕೂಲಿನ ಮುಖ ನೋಡಲಿಲ್ಲ, ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆದಳು. ಆದರೆ ಅದೇ ತಂಗಿಯನ್ನು ಹೊತ್ತುಕೊಂಡು ವಾರಕ್ಕೆ ಎರಡು ಸಿನಿಮಾ ನೋಡಿದಳು. ಹಾಡಿಗೆ ಅವಳ ಕಡೆ ಪದ ಅನ್ನುತ್ತಾರೆ, ಒಂದು ಪದವನ್ನು ಎರಡು ಸಲ ಕೇಳಿದರೆ ಸಾಕು, ಅದು ಅವಳದಾಗುತ್ತಿತ್ತು. ಮದುವೆಯಾಗಿ ಹುಲ್ಲಹಳ್ಳಿ ಕಡೆಯ ಹೊಂಗೆಹುಂಡಿಗೆ ಬಂದಾಗ ಅವಳ ಹತ್ತಿರ ಇದ್ದದ್ದು ಎರಡು ಸೀರೆ, ಒಂದು ಹಿತ್ತಾಳೆ ಚೆಂಬು, ಸುಮಾರು ಮುನ್ನೂರು ಸಿನಿಮಾ ಪದ.

ಗಂಡ ಚನ್ನಯ್ಯ ನಾಲೆ ಕೆಲಸಕ್ಕೆ ಹೋಗುವ ಮಾತು ಕಮ್ಮಿಯ ಮನುಷ್ಯ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಮರಿತಾಯಮ್ಮನೇ ಆಡಿ ಮುಗಿಸುತ್ತಿದ್ದಳು. ನಾಟಿಯ ಕಾಲ ಬಂತೆಂದರೆ ಅವಳ ಗುಂಪಿಗೆ ಎಲ್ಲಿಲ್ಲದ ಬೇಡಿಕೆ. ಅವಳು ಪದ ಎತ್ತಿಕೊಟ್ಟರೆ ಹೆಂಗಸರ ಕೈ ತಾನಾಗಿ ಬಿರುಸಾಗಿ ಓಡುತ್ತದೆ ಅನ್ನುವುದು ಗದ್ದೆಯವರಿಗೆಲ್ಲ ಗೊತ್ತಿತ್ತು. ಹಾಗಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಷ್ಟೆಂದರೂ ಸಿನಿಮಾ ಪದ, ಮರ್ಯಾದಸ್ಥರು ಅದನ್ನು ಕೇಳಬಹುದೇ ಹೊರತು ಹೊಗಳುವಂತಿಲ್ಲ.

ತೊಂಬತ್ತೆರಡರ ಸುಮಾರಿಗೆ ಅಕ್ಷರ ಕಲಿಸುವ ಚಳವಳಿ ಹೊಂಗೆಹುಂಡಿಗೂ ಬಂತು. ಮರಿತಾಯಮ್ಮ ಇದ್ದ ಕೆಳಗಲಬೀದಿಯ ಹೆಂಗಸರಿಗೆ ಸಂಜೆ ಹೊತ್ತು ಕಲಿಸುವುದಕ್ಕೆ ಒಪ್ಪಿಕೊಂಡವರು ಮಹಾದೇವಸ್ವಾಮಿ ಮೇಷ್ಟ್ರು. ರಿಟೈರಾಗಿ ಎರಡು ವರ್ಷವಾಗಿತ್ತು, ಕೈಯಲ್ಲಿ ಬೆತ್ತವಿಲ್ಲದೆ ಬೇಜಾರು ಹಿಡಿದಿತ್ತು. ಮೇಲಗಲಬೀದಿಯಿಂದ ಇಳಿದು ಬಂದು, ತಂದುಕೊಟ್ಟ ಕುರ್ಚಿಯ ಮೇಲೆ ಕೂತು, ತಪ್ಪದೆ ಪಾಠ ಮಾಡುತ್ತಿದ್ದರು. ಒಳ್ಳೆಯವರು. ಆದರೆ ಅವರ ಪ್ರಕಾರ ಆಟ ಅನ್ನುವುದು ದಂಡ, ಸಿನಿಮಾ ಅನ್ನುವುದು ರೋಗ. ಹುಲ್ಲಹಳ್ಳಿಯಲ್ಲಿ ಸರ್ವಿಸಿನಲ್ಲಿದ್ದಾಗ ಮಕ್ಕಳ ಚೀಲದಲ್ಲಿ ಸಿನಿಮಾ ಪದದ ಪುಸ್ತಕ ಸಿಕ್ಕಿದರೆ ಹೆಡೆಮುರಿ ಕಟ್ಟಿದ ಕಳ್ಳನನ್ನು ಒಯ್ಯುವ ಹಾಗೆ ಅದನ್ನು ಒಯ್ದು ಬಿಸಿನೀರಿನ ಒಲೆಗೆ ಹಾಕುತ್ತಿದ್ದರು. ಹುಲ್ಲಹಳ್ಳಿಯ ಅರ್ಧ ಜನ ಆ ನೀರಿನಲ್ಲಿ ಮೇಷ್ಟ್ರು ಸ್ನಾನ ಮಾಡಿದ್ದನ್ನು ಇವತ್ತಿಗೂ ಮರೆತಿಲ್ಲ.

ಸರ್ಕಾರ ಕೊಟ್ಟ ಪುಸ್ತಕದಲ್ಲಿ ಹದಿನೆಂಟು ಪಾಠ ಇದ್ದವು. ನೀರು ಕುದಿಸಿ ಕುಡಿಯಬೇಕು, ಸಂಸಾರ ಚಿಕ್ಕದಾಗಿರಬೇಕು, ತಿಪ್ಪೆ ದೂರ ಇರಬೇಕು. ಹಗಲೆಲ್ಲ ತಿಪ್ಪೆ ಹೊತ್ತು ಬಂದವರಿಗೆ ಸಂಜೆ ತಿಪ್ಪೆಯ ಪಾಠ. ಹೆಂಗಸರು ಕೂತಲ್ಲೇ ತೂಕಡಿಸುತ್ತಿದ್ದರು. ಆಗ ಮರಿತಾಯಮ್ಮ ತನಗೆ ತಿಳಿದ ಉಪಾಯ ಮಾಡಿದಳು. ಮೇಷ್ಟ್ರು ಹೇಳಿಕೊಟ್ಟ ಪಾಠಗಳನ್ನೆಲ್ಲ ಒಂದೊಂದು ಸಿನಿಮಾ ಪದದ ಧಾಟಿಗೆ ಹೊಂದಿಸಿದಳು. ತಿಪ್ಪೆಯ ಪಾಠಕ್ಕೆ ವಿರಹದ ಧಾಟಿ ಬಿತ್ತು, ನೀರು ಕುದಿಸುವುದಕ್ಕೆ ಮೊದಲ ರಾತ್ರಿಯ ಧಾಟಿ. ನಾಟಿ ಹಾಕುವಾಗ ಒಂದೆರಡು ಸಲ ಹಾಡಿದರೆ ಬೀದಿಗೆ ಬೀದಿಯೇ ಬಾಯಿಪಾಠ. ಹದಿನೈದು ದಿನದಲ್ಲಿ ಹದಿನೆಂಟು ಪಾಠವೂ ಮುಗಿದವು.

ಇದರಲ್ಲಿ ಮೋಸ ಇತ್ತೆ ಅಂದರೆ ಇರಲಿಲ್ಲ. ಓದುವುದು ಅಂದರೆ ಇದೇ ಎಂದು ಅವಳು ಮನಸಾರೆ ನಂಬಿದ್ದಳು. ಮೇಷ್ಟ್ರು ಪುಸ್ತಕ ಹಿಡಿದು ಅದನ್ನು ನೋಡುತ್ತ ಮಾತು ಹೇಳುತ್ತಿದ್ದರು. ಇವಳೂ ಪುಸ್ತಕ ಹಿಡಿದು ಅದನ್ನು ನೋಡುತ್ತ ಅದೇ ಮಾತು ಹೇಳುತ್ತಿದ್ದಳು. ಇಬ್ಬರಲ್ಲಿ ಏನು ವ್ಯತ್ಯಾಸ? ಹೆಸರು ಬರೆಯುವುದನ್ನೂ ರಂಗೋಲಿ ಕಲಿತ ಹಾಗೆ ಕಲಿತಳು, ಎಲ್ಲಿ ಸೊನ್ನೆ, ಎಲ್ಲಿ ಕೊಕ್ಕೆ, ಎಲ್ಲಿ ಬಾಲ ಅಂತ.

ಪರೀಕ್ಷೆಯ ದಿನ ಜೀಪಿನಲ್ಲಿ ಮೂವರು ಬಂದರು. ಮರಿತಾಯಮ್ಮನ ಕೈಗೆ ಪುಸ್ತಕ ಕೊಟ್ಟು ಎಲ್ಲಿಂದಾದರೂ ಓದಿ ಎಂದರು. ಅವಳು ಪುಟ ತೆರೆದು, ಉಸಿರೆಳೆದುಕೊಂಡು, ತಿಪ್ಪೆಯ ಪಾಠವನ್ನು ಒಂದು ಅಕ್ಷರ ಬಿಡದೆ ಹೇಳತೊಡಗಿದಳು. ಬಂದವರು ತಲೆದೂಗಿದರು. ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರು ಬಗ್ಗಿ ನೋಡಿದರೆ ತೆರೆದಿದ್ದ ಪುಟ ಬಾಳೆಹಣ್ಣಿನದು. ಅವರು ಒಂದು ಸಲ ಕೆಮ್ಮಿದರು. ಊರು ಪೂರ್ಣ ಸಾಕ್ಷರ ಎಂದು ಘೋಷಣೆಯಾಗುವುದಕ್ಕೆ ಬೀದಿಯ ಪರವಾಗಿ ಇವಳೊಬ್ಬಳು ಓದಿ ಸರ್ಟಿಫಿಕೇಟು ಪಡೆದರೆ ಸಾಕಿತ್ತು, ವೇದಿಕೆಯ ಮೇಲೆ ಮೇಷ್ಟರಿಗೆ ಹೊದಿಸುವ ಶಾಲು ಆಗಲೇ ಜೀಪಿನಲ್ಲಿತ್ತು. ಅವರು ಪುಸ್ತಕ ಸರಿ ಮಾಡಿಕೊಡುವ ನೆಪದಲ್ಲಿ ಎರಡು ಪುಟ ತಿರುವಿ, ತಿಪ್ಪೆಯ ಚಿತ್ರ ಎದುರಿಗೆ ಬರುವ ಹಾಗೆ ಇಟ್ಟು, ಸುಮ್ಮನಾದರು. ಅವಳ ಕಣ್ಣೂ ಅವರ ಕಣ್ಣೂ ಒಂದು ಕ್ಷಣ ಕೂಡಿದವು. ಪುಟದ ಮೇಲೆ ಇರುವುದಕ್ಕೂ ಬಾಯಲ್ಲಿ ಬರುವುದಕ್ಕೂ ಏನೋ ಸಂಬಂಧ ಇರಬೇಕು, ಅದು ತನಗೆ ಗೊತ್ತಿಲ್ಲ ಅನ್ನುವುದು ಮರಿತಾಯಮ್ಮನಿಗೆ ಹೊಳೆದದ್ದು ಆವಾಗಲೇ. ಅಷ್ಟರಲ್ಲಿ ಕೊರಳಿಗೆ ಹಾರ ಬಿತ್ತು.

ಮಾರನೇ ವರ್ಷ ಪಂಚಾಯಿತಿ ಎಲೆಕ್ಷನ್ನು. ಕೆಳಗಲಬೀದಿಗೆ ಹೆಂಗಸಿನ ಸೀಟು ಬಂದಿತ್ತು. ಸರ್ಟಿಫಿಕೇಟು ಇರುವ ಹೆಂಗಸು ಇರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು ಎಂದು ಬೀದಿಯವರೆಲ್ಲ ಸೇರಿ ಮರಿತಾಯಮ್ಮನನ್ನೇ ನಿಲ್ಲಿಸಿದರು. ಅವರಿಗೆ ಬೇಕಾದದ್ದು ಒಂದೇ. ಬೀದಿಯಲ್ಲಿ ನಲ್ಲಿ ಇರಲಿಲ್ಲ, ನೀರಿಗೆ ಮುಕ್ಕಾಲು ಮೈಲಿ ದೂರದ ನಾಲೆಗೆ ಹೋಗಬೇಕು. ನಾಲೆ ನಿಲ್ಲಿಸಿದ ತಿಂಗಳಲ್ಲಿ ಯಾರದೋ ಪಂಪ್‌ಸೆಟ್ಟಿನ ಮುಂದೆ ನಿಂತು ಕರೆಂಟು ಬರುವುದನ್ನೂ ಅವರ ಮನಸ್ಸು ಬರುವುದನ್ನೂ ಕಾಯಬೇಕು. ಕೆಳಗಲಬೀದಿಗೆ ಸುತ್ತ ನಲ್ಲಿ ಇರುವ ಒಂದು ನೀರಿನ ತೊಂಬೆ ಕಟ್ಟಿಸಿಕೊಡು ಎಂದರು. ಮರಿತಾಯಮ್ಮ ಆಗಲಿ ಎಂದಳು, ಗೆದ್ದಳು.

ಅಧ್ಯಕ್ಷರಾದವರು ಮೇಲಗಲಬೀದಿಯ ದೊಡ್ಡಸಿದ್ದಯ್ಯ. ಚಿನ್ನದ ಬಣ್ಣದ ಫ್ರೇಮಿನ ಕನ್ನಡಕ, ಜೇಬಿಗೆ ಎರಡು ಪೆನ್ನು, ಕಂಕುಳಲ್ಲಿ ಮಡಿಸಿದ ಪತ್ರಿಕೆ. ನೋಡಿದರೇ ಓದಿದವರು ಅನ್ನಿಸುತ್ತಿತ್ತು. ಸೆಕ್ರೆಟ್ರಿ ನಂಜನಗೂಡಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ತೊಂಬತ್ತನಾಲ್ಕರಲ್ಲಿ ಒಂದು ತೊಂಬೆ ಮಂಜೂರಾಯಿತು. ಸಭೆಯಲ್ಲಿ ಕೆಳಗಲಬೀದಿಗೇ ಕೊಡೋಣ ಎಂದು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪಿದರು. ಟೀ ಬಂತು. ಸೆಕ್ರೆಟ್ರಿ ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ನೋಡಿ ಸೈನು ಹಾಕಿ ಎಂದು ಮೊದಲು ಮರಿತಾಯಮ್ಮನ ಮುಂದಿಟ್ಟ. ಸರ್ಟಿಫಿಕೇಟಿನ ಹೆಂಗಸಲ್ಲವೇ?

ಹತ್ತು ಜನ ಮೆಂಬರು ಅವಳನ್ನೇ ನೋಡುತ್ತಿದ್ದರು. ಓದಲು ಬರುವುದಿಲ್ಲ ಎನ್ನುವುದಕ್ಕೆ ಅವಳಿಗೆ ನಾಲಿಗೆ ಏಳಲಿಲ್ಲ. ತೋರುಬೆರಳನ್ನು ಮೊದಲ ಸಾಲಿನ ಕೆಳಗಿಟ್ಟು ನಿಧಾನವಾಗಿ ಓಡಿಸಿದಳು. ಎಷ್ಟು ಹೊತ್ತು ಓಡಿಸಬೇಕು ಅನ್ನುವುದು ತಿಳಿಯದೆ ಮನಸ್ಸಿನಲ್ಲೇ ಒಂದು ಪಲ್ಲವಿ ಹೇಳಿಕೊಂಡಳು. ಪಲ್ಲವಿ ಮುಗಿಯುವ ಹೊತ್ತಿಗೆ ಬೆರಳು ಪುಟದ ಕೆಳಕ್ಕೆ ಬಂದಿತ್ತು. ತುಟಿಯೂ ಅಲ್ಲಾಡಿತ್ತು. ನಡುವೆ ಒಂದು ಕಡೆ ಹುಬ್ಬು ಗಂಟಿಕ್ಕಿ ನಿಂತು, ಸರಿ ಅನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋದಳು. ಅಷ್ಟು ಸೊಗಸಾಗಿ ಓದಬಲ್ಲವರು ಓದುವುದಿಲ್ಲ. ಆಮೇಲೆ ಸೈನು ಹಾಕಿದಳು. ಅವಳು ಹಾಕಿದ್ದನ್ನು ನೋಡಿ ಪಕ್ಕದೂರಿನ ಮೆಂಬರು ಮಂಗಳಮ್ಮ ಹಾಕಿದಳು, ಮಂಗಳಮ್ಮನನ್ನು ನೋಡಿ ಚಾಮಯ್ಯ ಹಾಕಿದ, ಹೀಗೆ ಪುಸ್ತಕ ಸುತ್ತು ಬಂತು.

ಮೂರು ತಿಂಗಳಿಗೆ ತೊಂಬೆ ಎದ್ದು ನಿಂತಿತು. ಎಲ್ಲಿ ಅಂದರೆ ಮೇಲಗಲಬೀದಿಯ ಹಾಲಿನ ಡೈರಿಯ ಮುಂದೆ, ಅಧ್ಯಕ್ಷರ ಮನೆಗೆ ಕೂಗಳತೆಯಲ್ಲಿ. ಮರಿತಾಯಮ್ಮ ಓಡಿಹೋಗಿ ಕೇಳಿದರೆ ಸೆಕ್ರೆಟ್ರಿ ಪುಸ್ತಕ ತೆಗೆದು ತೋರಿಸಿದ. ಆಫೀಸಿನ ಭಾಷೆಯಲ್ಲಿ ಡೈರಿಯ ಮುಂದೆ ಅಂತಲೇ ಬರೆದಿದೆಯಮ್ಮ, ನೀವೇ ಮೊದಲು ಓದಿ ಸೈನು ಹಾಕಿದ್ದೀರಿ ಎಂದ. ಬೀದಿಯವರೂ ಅದನ್ನೇ ಕೇಳಿದರು. ಓದಿ ಓದಿ ಹಾಕಿದೆಯಾ, ಏನು ಕೊಟ್ಟರು ನಿನಗೆ ಎಂದರು. ಎದುರುಮನೆಯ ಇಂದ್ರಾಣಿ ಒಂದು ವಾರ ಬೆಳಗಾಗೆದ್ದು ತನ್ನ ಖಾಲಿ ಕೊಡ ತಂದು ಮರಿತಾಯಮ್ಮನ ಹೊಸ್ತಿಲ ಮುಂದೆ ಇಟ್ಟು ಹೋದಳು. ಮರಿತಾಯಮ್ಮ ಅದನ್ನೂ ನಾಲೆಯಿಂದ ತುಂಬಿಸಿ ತಂದಿಟ್ಟಳು. ಬೀದಿಯನ್ನು ಮಾರಿಕೊಂಡವಳು ಅನ್ನಿಸಿಕೊಳ್ಳುವುದು ಒಂದು ಕಡೆ, ಓದು ಬಾರದವಳು ಅನ್ನಿಸಿಕೊಳ್ಳುವುದು ಒಂದು ಕಡೆ. ಅವಳು ಮೊದಲನೆಯದನ್ನೇ ಆರಿಸಿಕೊಂಡಳು. ಮನುಷ್ಯರ ಮಾನ ಎಲ್ಲೆಲ್ಲಿ ಹೋಗಿ ಕೂತಿರುತ್ತದೋ ಹೇಳುವುದು ಕಷ್ಟ.

ಎಂಟನೇ ದಿನ ಮೇಷ್ಟರ ಮನೆಯ ಜಗಲಿಯ ಕೆಳಗೆ ಹೋಗಿ ನಿಂತಳು. ಮೇಷ್ಟ್ರು ಅವಳನ್ನು ನೋಡಿ ಎದ್ದು ನಿಂತರು, ಅವರು ಹಾಗೆ ಎದ್ದು ನಿಲ್ಲುವವರಲ್ಲ. ಏನು ವಿಷಯ ಎಂದು ಕೇಳುವ ಗೋಜಿಗೂ ಹೋಗಲಿಲ್ಲ.

"ಆವತ್ತು ನಾನು ಪುಟ ತಿರುವಿದ್ದು ನಿನಗೆ ಗೊತ್ತಾಗಿತ್ತಾ?" ಎಂದರು.

"ಗೊತ್ತಾಗಿತ್ತು ಮೇಷ್ಟ್ರೇ. ನೀವು ತಿರುವಿದ್ರಿ, ನಾನು ಸುಮ್ಕಿದ್ದೆ. ಇಬ್ರೂ ಸೇರೇ ಮಾಡುದ್ದು."

ಮೇಷ್ಟ್ರು ತಲೆ ತಗ್ಗಿಸಿದರು. ಮತ್ತೆ ಮೊದಲಿನಿಂದ ಕಲಿಸುತ್ತೇನೆ, ಯಾರಿಗೂ ಗೊತ್ತಾಗದ ಹಾಗೆ ನಾಳೆಯಿಂದಲೇ ಬಾ, ಅ ಆ ಇ ಈಯಿಂದ ಶುರು ಮಾಡೋಣ ಎಂದರು. ಮರಿತಾಯಮ್ಮ ಬೇಡ ಎಂದಳು. ಸರ್ಕಾರದ ಆ ಪುಸ್ತಕ ತೆರೆದ ಕೂಡಲೇ ಕಣ್ಣಿಗಿಂತ ಮುಂಚೆ ಬಾಯಿ ಓಡಿಬಿಡುತ್ತದೆ, ಅದರಲ್ಲಿ ಇನ್ನು ಕಲಿಯುವುದು ಆಗದ ಮಾತು ಎಂದಳು. ಅವಳು ವಾರವೆಲ್ಲ ನೀರು ಹೊರುತ್ತ ಇದನ್ನೇ ಯೋಚಿಸಿದ್ದಳು.

"ನಂಗೆ ಪದ ಬತ್ತದೆ, ಪುಸ್ಕ ಬರಾಕಿಲ್ಲ. ಬರೋದ್ರಿಂದ ಬರ್ದೇ ಇರೋದಕ್ಕೆ ಓಗ್ಬೇಕಲ್ವಾ? ಸಿನಿಮಾ ಪದದ ಪುಸ್ಕ ತಂದ್ಕೊಡಿ."

ಮೇಷ್ಟ್ರು ಮೂರು ದಿನ ಊಟ ಸೇರದೆ ಒದ್ದಾಡಿದರು. ನಾಲ್ಕನೇ ದಿನ ನಂಜನಗೂಡಿನ ಬಸ್ಸು ಹತ್ತಿದರು. ದೇವಸ್ಥಾನದ ಕಡೆಯ ಬೀದಿಯಲ್ಲಿ ನೆಲದ ಮೇಲೆ ಹಾಸಿ ಮಾರುವವನ ಮುಂದೆ ಎರಡು ಸಲ ಸುಮ್ಮನೆ ಓಡಾಡಿ, ಮೂರನೇ ಸಲ ನಿಂತು, ಪಂಚಾಂಗ ಕೇಳಿದರು. ಪಂಚಾಂಗ ಕೊಂಡ ಮೇಲೆ, ಹಾಗೇ ಇವು ಏನು ಎಂದು ಏನೂ ಅರಿಯದವರಂತೆ ಕೇಳಿ, ಹಳೇ ಸಿನಿಮಾದ ಹತ್ತು ಪದದ ಪುಸ್ತಕ ತೆಗೆದುಕೊಂಡು, ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಪಂಚಾಂಗ ಇಟ್ಟು ಕಟ್ಟಿಸಿದರು. ಬಸ್ಸಿನಲ್ಲಿ ಅವರ ಹಳೇ ಶಿಷ್ಯನೊಬ್ಬ ಸಿಕ್ಕಿ ಗಂಟು ಹಿಡಿದುಕೊಳ್ಳುತ್ತೇನೆ ಕೊಡಿ ಸಾ ಎಂದದ್ದಕ್ಕೆ ಹುಲ್ಲಹಳ್ಳಿ ಬರುವ ತನಕ ಬೆವರಿದರು. ಆ ಶಿಷ್ಯನ ಮೂರು ಪುಸ್ತಕ ಅವರ ಒಲೆಗೆ ಹೋಗಿದ್ದವು.

ಮರಿತಾಯಮ್ಮನ ಮಗಳು ರಂಜಿನಿ ಹುಲ್ಲಹಳ್ಳಿಯ ಹೈಸ್ಕೂಲಿಗೆ ಹೋಗುತ್ತಿದ್ದಳು. ಅವ್ವನ ಗುಟ್ಟು ತಿಳಿದು ಮೊದಲು ಬೆರಗಾದಳು, ಆಮೇಲೆ ಪಕ್ಕದಲ್ಲಿ ಕೂತು ಇದು ಇಂಥ ಪದ ಎಂದು ತೋರಿಸಿಕೊಟ್ಟಳು. ಅಷ್ಟು ತೋರಿಸಿದರೆ ಸಾಕಿತ್ತು. ಮರಿತಾಯಮ್ಮ ಪದ ಹೇಳುತ್ತ ಬೆರಳು ಓಡಿಸುತ್ತಿದ್ದಳು, ಪದ ಮುಗಿಯುವಾಗ ಬೆರಳೂ ಕೊನೆ ಮುಟ್ಟಿದರೆ ಗೆದ್ದ ಹಾಗೆ, ಮುಟ್ಟದಿದ್ದರೆ ಸೋತ ಹಾಗೆ. ಮೊದಮೊದಲು ಸೋಲೇ ಸೋಲು. ಸಿನಿಮಾದಲ್ಲಿ ಮೂರು ಸಲ ಹಾಡುವ ಪಲ್ಲವಿಯನ್ನು ಪುಸ್ತಕದಲ್ಲಿ ಒಂದೇ ಸಲ ಅಚ್ಚು ಹಾಕಿರುತ್ತಾರೆ ಅನ್ನುವುದು ಗೊತ್ತಾಗುವುದಕ್ಕೆ ಹದಿನೈದು ದಿನ ಹಿಡಿಯಿತು. ಕಾಗದ ಜಿಪುಣ, ಹೇಳಿದ್ದನ್ನು ಇನ್ನೊಂದು ಸಲ ಹೇಳುವುದಿಲ್ಲ.

ಅವಳಿಗೆ ಮೊದಲು ಬಂದ ಅಕ್ಷರ ಅ ಅಲ್ಲ, ನ. ಯಾಕೆಂದರೆ ಸಿನಿಮಾದವರು ಬಾಯಿ ತೆಗೆದರೆ ಮೊದಲು ನಾನು, ಆಮೇಲೆ ನೀನು, ಆಮೇಲೆ ನನ್ನ ನಿನ್ನ. ಒತ್ತಕ್ಷರ ಬಂದದ್ದು ಕಣ್ಣು, ಚಿನ್ನ, ಮುತ್ತುಗಳಿಂದ. ಮೇಷ್ಟ್ರು ಮೂರು ತಿಂಗಳು ತಲೆ ಚಚ್ಚಿಕೊಂಡರೂ ಹೆಂಗಸರ ತಲೆಗೆ ಹೋಗದಿದ್ದ ಒತ್ತಕ್ಷರವನ್ನು ಸಿನಿಮಾದ ಪ್ರೇಮಿಗಳು ಎರಡು ವಾರದಲ್ಲಿ ಕಲಿಸಿಕೊಟ್ಟರು. ಋ ಮಾತ್ರ ಅವಳಿಗೆ ಬರಲೇ ಇಲ್ಲ, ಯಾವ ಹೀರೋನೂ ಅದನ್ನು ಬಳಸುವುದಿಲ್ಲ.

ಒಬ್ಬಳೇ ಆಡಿದರೆ ಆಟಕ್ಕೆ ರುಚಿ ಎಲ್ಲಿ? ಆಗ ಡೈರಿಯ ಟಿವಿಯಲ್ಲಿ ಅಂತ್ಯಾಕ್ಷರಿಯ ಕಾರ್ಯಕ್ರಮ ಬರುತ್ತಿತ್ತು, ಕಿಟಕಿಯ ಆಚೆ ನಿಂತು ಬೀದಿಯವರೂ ನೋಡುತ್ತಿದ್ದರು. ಮರಿತಾಯಮ್ಮ ಅದನ್ನೇ ಗದ್ದೆಗೆ ತಂದಳು. ನಾಟಿಯ ಹೆಂಗಸರು ಎರಡು ಗುಂಪಾದರು. ಒಂದು ಗುಂಪು ಪದ ಹೇಳಿ ಮುಗಿಸಿದ ಅಕ್ಷರದಿಂದ ಇನ್ನೊಂದು ಗುಂಪು ಎತ್ತಿಕೊಳ್ಳಬೇಕು. ಅವಳು ಸೇರಿಸಿದ ನಿಯಮ ಒಂದೇ, ಆ ಅಕ್ಷರವನ್ನು ಮೊದಲು ಬದುವಿನ ಕೆಸರಿನ ಮೇಲೆ ಬೆರಳಿನಿಂದ ಬರೆದು ತೋರಿಸಬೇಕು, ತೋರಿಸದೆ ಪದ ಹೇಳುವ ಹಾಗಿಲ್ಲ. ಸರಿಯೋ ತಪ್ಪೋ ಎಂದು ಜಗಳ ಬಿದ್ದರೆ ಊಟದ ಬುತ್ತಿಯ ಜೊತೆ ಬಂದಿರುವ ಪದದ ಪುಸ್ತಕವೇ ಪಂಚಾಯಿತಿ. ಸೋತ ಗುಂಪು ಆವತ್ತು ಸಂಜೆ ಗೆದ್ದವರ ಪಾಲಿನ ನೀರನ್ನೂ ನಾಲೆಯಿಂದ ಹೊತ್ತು ತರಬೇಕು.

ನೀರು ಹೊರುವ ಮಾತು ಬಂದ ಮೇಲೆ ಯಾರಿಗೂ ತೂಕಡಿಕೆ ಬರಲಿಲ್ಲ. ಎದುರಾಳಿಗೆ ಳ ಸಿಗುವ ಹಾಗೆ ಪದ ಮುಗಿಸುವುದು ದೊಡ್ಡ ಪಾತಕ, ಯಾಕೆಂದರೆ ಅದರಿಂದ ಶುರುವಾಗುವ ಪದವೇ ಇಲ್ಲ. ಇಂದ್ರಾಣಿ ಅದನ್ನೇ ಮಾಡುತ್ತಿದ್ದಳು. ಕೊನೆಗೆ ಳ ಬಂದರೆ ಲ ಹೇಳಬಹುದು ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಖಾಲಿ ಕೊಡ ತಂದಿಡುತ್ತಿದ್ದ ಇಂದ್ರಾಣಿ ಈಗ ಅಕ್ಷರಕ್ಕಾಗಿ ಮರಿತಾಯಮ್ಮನ ಜೊತೆ ಕೈ ಕೈ ಮಿಲಾಯಿಸುವಷ್ಟು ಜಗಳ ಆಡಿ, ಸೋತು, ಅವಳ ಕೊಡ ಹೊತ್ತು ತಂದುಕೊಡುವಳು. ಎರಡು ಬೆಳೆ ಕಳೆಯುವಷ್ಟರಲ್ಲಿ ಕೆಳಗಲಬೀದಿಯ ಹೆಂಗಸರು ಬಸ್ಸಿನ ಬೋರ್ಡು ಓದುತ್ತಿದ್ದರು. ಮೇಷ್ಟ್ರು ಬದುವಿನ ಮೇಲೆ ಹೋಗುವಾಗ ಕೆಸರಿನಲ್ಲಿ ಬರೆದ ಅಕ್ಷರಗಳನ್ನು ನೋಡಿ, ತುಳಿಯದ ಹಾಗೆ ಪಂಚೆ ಎತ್ತಿಕೊಂಡು ಪಕ್ಕದಿಂದ ದಾಟುತ್ತಿದ್ದರು.

ಪಂಚಾಯಿತಿಗೆ ಇದು ಯಾವುದೂ ಗೊತ್ತಿರಲಿಲ್ಲ. ತೊಂಬತ್ತೇಳರಲ್ಲಿ ಇನ್ನೊಂದು ತೊಂಬೆ ಮಂಜೂರಾಯಿತು. ಈ ಸಲವೂ ಕೆಳಗಲಬೀದಿಗೇ ಎಂದು ಬಾಯಿಮಾತಿನಲ್ಲಿ ಆಯಿತು, ಈ ಸಲವೂ ಟೀ ಬಂತು. ಸೆಕ್ರೆಟ್ರಿ ಬರೆದು ಪುಸ್ತಕವನ್ನು ಅವಳ ಮುಂದಿಟ್ಟ. ಮರಿತಾಯಮ್ಮ ಬೆರಳಿಟ್ಟಳು. ಈ ಸಲ ಬೆರಳು ತಡೆದು ತಡೆದು ನಡೆಯಿತು, ಅಲ್ಲಲ್ಲಿ ಹಿಂದಕ್ಕೂ ಬಂತು. ಅವಳು ಜೋರಾಗಿಯೇ ಓದಿದಳು. ಸದರಿ ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಮೇಲ್ಕಂಡ ಕಾಮಗಾರಿಯನ್ನು ಲಭ್ಯತೆಗೆ ಅನುಗುಣವಾಗಿ ಸೂಕ್ತ ಸ್ಥಳದಲ್ಲಿ ಕೈಗೊಳ್ಳಲು ಸಭೆಯು ತೀರ್ಮಾನಿಸಿತು. ಓದಿ ಮುಗಿಸುವುದಕ್ಕೆ ಒಂದು ಟೀ ತಣ್ಣಗಾಗುವಷ್ಟು ಹೊತ್ತು ಹಿಡಿಯಿತು. ಅಕ್ಷರ ಎಲ್ಲ ಬಂದವು, ಅರ್ಥ ಒಂದೂ ಬರಲಿಲ್ಲ. ಎರಡು ವರ್ಷ ಕಷ್ಟಪಟ್ಟು ಬಾಗಿಲು ತೆಗೆದರೆ ಒಳಗೆ ಯಾರೂ ಇಲ್ಲದ ಹಾಗಾಯಿತು ಅವಳಿಗೆ.

ಕೆಳಗಲಬೀದಿ ಇದರಲ್ಲಿ ಎಲ್ಲಿದೆ ಎಂದು ಕೇಳಿದಳು. ಸೂಕ್ತ ಸ್ಥಳ ಅಂದರೆ ಅದೇ ಅಮ್ಮ, ಆಫೀಸಿನ ಭಾಷೆ ಹಾಗೇ ಇರುತ್ತದೆ ಎಂದ ಸೆಕ್ರೆಟ್ರಿ.

"ಪದದಲ್ಲಿ ಯಾರ್ನ ಕರೀತಾವ್ರೆ ಅಂತ ಎರಡ್ನೇ ಸಾಲಿಗೇ ಗೊತ್ತಾಗೋಯ್ತದೆ ಸಾ. ನೀವು ನಾಕ್ ಸಾಲು ಬರ್ದಿದ್ದೀರಿ, ನಮ್ ಬೀದಿ ಎಸ್ರೇ ಇಲ್ಲ. ಎಸ್ರು ಬರೀರಿ, ಸೈನ್ ಆಕ್ತೀನಿ."

ಸೆಕ್ರೆಟ್ರಿ ನಕ್ಕ. ಅವನ ಹತ್ತಿರ ಒಂದು ಗಟ್ಟಿ ಪಟ್ಟು ಇತ್ತು. ಹಿಂದಿನ ಪುಟಗಳನ್ನು ಮಗುಚಿ, ಮೂರು ವರ್ಷದ ಹಿಂದೆ ಅವಳು ಹಾಕಿದ ಸೈನು ತೋರಿಸಿದ. ಆವತ್ತೂ ಇದೇ ಭಾಷೆಯಲ್ಲೇ ಬರೆದಿದ್ದೆ, ಓದಿ ಅರ್ಥ ಮಾಡಿಕೊಂಡು ತಲೆಯಾಡಿಸಿ ಹಾಕಿದಿರಲ್ಲ, ಇವತ್ತು ಮಾತ್ರ ಅರ್ಥವಾಗಲಿಲ್ಲವೇ ಎಂದ. ಅಧ್ಯಕ್ಷರು ಕನ್ನಡಕ ಒರೆಸಿಕೊಂಡರು. ಮಂಗಳಮ್ಮ, ಚಾಮಯ್ಯ ಎಲ್ಲರೂ ಅವಳ ಬಾಯಿಯನ್ನೇ ನೋಡಿದರು. ಹೌದು ಎಂದರೆ ಈ ತೊಂಬೆಯೂ ಹೋಯಿತು. ಇಲ್ಲ ಎಂದರೆ ಸರ್ಟಿಫಿಕೇಟು, ಹಾರ, ಬೀದಿಯಲ್ಲಿ ಮೂರು ವರ್ಷ ಹಲ್ಲು ಕಚ್ಚಿ ಕಾಪಾಡಿಕೊಂಡು ಬಂದ ಮಾನ, ಎಲ್ಲ ಹೋಯಿತು. 

"ಆವತ್ತು ನಂಗೆ ಓದಾಕೆ ಬತ್ತಿರ್ನಿಲ್ಲ," ಎಂದಳು. "ಬೆಳ್ಳು ಓಡಿಸ್ದೆ ಅಷ್ಟೆ. ಮನ್ಸಲ್ಲಿ ಪದ ಏಳ್ಕಂಡು ಓಡಿಸ್ದೆ. ನನ್ನ ನೋಡಿ ನೀವೆಲ್ಲ ಆಕುದ್ರಿ, ತಪ್ಪಾಯ್ತು."

 ಮಂಗಳಮ್ಮ ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟಳು. "ನಂಗೂ ಬರಾಕಿಲ್ಲ ಕಣಕ್ಕ, ನಿಂಗೆ ಬತ್ತದೆ ಅಂತ್ಲೇ ಆಕಿದ್ದು" ಎಂದಳು. ಚಾಮಯ್ಯ ತನಗೆ ಅಂಕಿ ಬರುತ್ತದೆ, ಅಕ್ಷರ ಅಷ್ಟಾಗಿ ಇಲ್ಲ ಎಂದ. ಇನ್ನು ನಾಲ್ವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಹನ್ನೊಂದು ಜನರ ಪಂಚಾಯಿತಿಯಲ್ಲಿ ಮೂರು ವರ್ಷದಿಂದ ಓದಿ ನೋಡಿ ಸೈನು ಹಾಕುತ್ತಿದ್ದವರು ಎಷ್ಟು ಜನ ಅನ್ನುವುದು ಆ ಮಧ್ಯಾಹ್ನ ಬ‌ಯಲಾಯಿತು. ಅವಳು ಹಾಕಿದರೆ ನಾವೂ ಹಾಕುತ್ತೇವೆ, ಇಲ್ಲದಿದ್ದರೆ ಇಲ್ಲ ಎಂದು ಆರು ಜನ ಕೂತರು.

ಸೆಕ್ರೆಟ್ರಿ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಪುಸ್ತಕ ತಮ್ಮ ಕಡೆಗೆ ಎಳೆದುಕೊಂಡು, ಪುಟವನ್ನು ತುಂಬ ಹೊತ್ತು ನೋಡಿ, ವಾಪಸು ತಳ್ಳಿದರು. ಎಲ್ಲರಿಗೂ ತಿಳಿಯುವ ಹಾಗೆ ಬರೆಯಯ್ಯ ಎಂದು ಸಣ್ಣ ದನಿಯಲ್ಲಿ ಹೇಳಿದರು. ಹೇಗೆ ಬರೆಯಲಿ ಎಂದು ಸೆಕ್ರೆಟ್ರಿ ಸಿಟ್ಟಿನಿಂದ ಕೇಳಿದ, ಮರಿತಾಯಮ್ಮ ಹೇಳುತ್ತ ಹೋದಳು, ಅವನು ಬರೆದ. ಹೊಂಗೆಹುಂಡಿಯ ಕೆಳಗಲಬೀದಿಯಲ್ಲಿ ಹುಣಸೆಮರದ ಪಕ್ಕ ನೀರಿನ ತೊಂಬೆ ಕಟ್ಟಿಸುವುದು. ಒಂದೂವರೆ ಸಾಲಿಗೆ ಮುಗಿಯಿತು. ಅವಳು ಬೆರಳಿಟ್ಟು ಓದಿ, ಇನ್ನೊಂದು ಸಲ ಓದಿ, ಸೈನು ಹಾಕಿದಳು. ಆ ನಡಾವಳಿ ಪುಸ್ತಕದಲ್ಲಿ ಕೇಳಿದವರಿಗೆ ತಿಳಿಯುವ ವಾಕ್ಯ ಅದೊಂದೇ ಎಂದು ಆಮೇಲೆ ಬಂದ ಸೆಕ್ರೆಟ್ರಿಗಳು ಹೇಳುತ್ತಿದ್ದರು.

ತೊಂಬೆ ಹುಣಸೆಮರದ ಪಕ್ಕದಲ್ಲೇ ಎದ್ದಿತು. ನೀರು ಬಂದ ವಾರಕ್ಕೇ ಸಾಲಿನಲ್ಲಿ ಯಾರು ಮುಂದೆ ಎಂಬ ಜಗಳವೂ ಬಂತು. ಸೋತವರು ನಾಲೆಗೆ ಹೋಗುವುದು ತಪ್ಪಿದ ಮೇಲೆ ಅಂತ್ಯಾಕ್ಷರಿಯ ಬಿಸಿ ಕೊಂಚ ಇಳಿಯಿತು. ಮಹಾದೇವಸ್ವಾಮಿ ಮೇಷ್ಟ್ರು ತಾವು ಕಲಿಸಿದ ಹೆಂಗಸು ಎಂದು ಬಂದವರ ಮುಂದೆ ಮರಿತಾಯಮ್ಮನನ್ನು ತೋರಿಸುವುದನ್ನು ಬಿಟ್ಟರು. ಸಭೆಯ ಸುದ್ದಿ ಕೇಳಿ ಬೀದಿಯವರು ಅವಳನ್ನು ಆಡಿಕೊಳ್ಳುತ್ತಾರೆ ಎಂದು ಅವಳು ಹೆದರಿದ್ದಳು, ಇಂದ್ರಾಣಿ ಬಂದು ಅವಳ ಪಕ್ಕದಲ್ಲಿ ಸುಮ್ಮನೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೋದಳು.

ಅದಾದ ಒಂದು ತಿಂಗಳಿಗೆ, ಬೀದಿಯವರೆಲ್ಲ ಕಬ್ಬಿನ ಕೆಲಸಕ್ಕೆ ಹೋಗಿದ್ದ ಒಂದು ಮಧ್ಯಾಹ್ನ, ಕಾಲಿಗೆ ಮುಳ್ಳು ತಾಗಿ ಮರಿತಾಯಮ್ಮ ಒಬ್ಬಳೇ ಮನೆಯಲ್ಲಿದ್ದಳು. ಬಾಗಿಲಿಗೆ ಯಾರೋ ಬಂದ ಹಾಗಾಯಿತು. ನೋಡಿದರೆ ಅಧ್ಯಕ್ಷ ದೊಡ್ಡಸಿದ್ದಯ್ಯ. ಓಟು ಕೇಳುವುದಕ್ಕೂ ಹುಣಸೆಮರದಿಂದ ಈಚೆ ಕಾಲಿಡದ ಮನುಷ್ಯ. ನಿಂತೇ ಇದ್ದರು. ತೊಂಬೆಯ ನೀರು ಸರಿಯಾಗಿ ಬರುತ್ತಿದೆಯಾ ಎಂದು ವಿಚಾರಿಸಿದರು. ಬರುತ್ತಿದೆ ಎಂದಳು. ಮಳೆಯ ಮಾತಾಡಿದರು. ಕೊನೆಗೆ, ನಿನ್ನ ಹತ್ತಿರ ಪದದ ಪುಸ್ತಕ ಇದೆಯಂತೆ, ಇದ್ದರೆ ಕೊಡು, ನಮ್ಮ ಮನೇಲಿ ಹೆಂಗಸರಿಗೆ ಬೇಕಂತೆ ಎಂದರು.

ಮರಿತಾಯಮ್ಮ ಒಳಗಿಂದ ಪುಸ್ತಕ ತಂದಳು. ಕೈಗೆ ಕೊಡಲಿಲ್ಲ.

"ಬಾಯಿಗೆ ಬರೋ ಪದದಿಂದ್ಲೇ ಸುರು ಮಾಡ್ಬೇಕು ಬುದ್ಧಿ. ಅಮ್ಮೋರ್ಗೆ ಯಾವ ಪದ ಬತ್ತದೆ?"

ದೊಡ್ಡಸಿದ್ದಯ್ಯ ಕನ್ನಡಕ ತೆಗೆದರು, ಹಾಕಿಕೊಂಡರು. ಬೀದಿಯ ಆ ತುದಿ ಈ ತುದಿ ನೋಡಿದರು.

"ಅವಳಿಗಲ್ಲ," ಎಂದರು.

ಮರಿತಾಯಮ್ಮ ಚಾಪೆ ಹಾಸಿದಳು. ಅವರು ಸ್ವಲ್ಪ ಹೊತ್ತು ನಿಂತಿದ್ದು ಕೂತರು. ಹುಡುಗನಾಗಿದ್ದಾಗ ನರಸೀಪುರದ ಟೆಂಟಿನಲ್ಲಿ ಕೇಳಿದ್ದು ಒಂದಿದೆ ಎಂದು ಗಂಟಲು ಸರಿ ಮಾಡಿಕೊಂಡು, ಯಾರಿಗೂ ಕೇಳಿಸದ ಹಾಗೆ, ಶ್ರುತಿ ತಪ್ಪಿದ ದನಿಯಲ್ಲಿ ಶುರು ಮಾಡಿದರು. ಮರಿತಾಯಮ್ಮ ಆ ಪದದ ಪುಟ ಹುಡುಕಿ ತೆಗೆದು, ಅಧ್ಯಕ್ಷರ ತೋರುಬೆರಳನ್ನು ತಾನೇ ಹಿಡಿದು ಮೊದಲ ಅಕ್ಷರದ ಕೆಳಗೆ ಇಟ್ಟಳು. ಅವರು ಕೈ ಎಳೆದುಕೊಳ್ಳಲಿಲ್ಲ. ಹಾಡುವ ಅವಸರದಲ್ಲಿ ಬೆರಳು ಮಾತ್ರ ಮೂರು ಸಾಲು ಮುಂದಕ್ಕೆ ಹೋಗಿಬಿಟ್ಟಿತು.

"ಅಂಗೆ ಓಡುಸ್ಬೇಡಿ ಬುದ್ಧಿ," ಎಂದು ಅವಳು ಬೆರಳನ್ನು ಹಿಂದಕ್ಕೆ ತಂದಳು. "ಓಡ್ಸುದ್ರೆ ಏನಾಯ್ತದೆ ಅಂತ ನಂಗೆ ಗೊತ್ತದೆ. ಇನ್ನೊಂದ್ಸಲ ಏಳಿ."